ಬೀಜಿಂಗಿನ ಮುತ್ತಿನ ಪೇಟೆಗೆ ಹೊರಟ ದಾವಣಗೆರೆಯವರಿಗೆ

ದಾವಣಗೆರೆಯಿಂದ ಚೀನಾ ಪ್ರವಾಸಕ್ಕೆ ಹೊರಟ ನೆಂಟರಿಷ್ಟರು ನನ್ನನ್ನು ಮೊದಲು ಕೇಳುವುದು ಮಹಾಗೋಡೆಯ ವಿಚಾರವನ್ನಲ್ಲ, ಖರೀದಿಯ ವಿಚಾರವನ್ನು. ಬೀಜಿಂಗಿನಲ್ಲಿ ಸಿಗುವ ಒಂದು ದಿನದ ಬಿಡುವನ್ನು ನಾಲ್ಕಾರು ಮಾರುಕಟ್ಟೆಗಳಿಗೆ ಹಂಚಿದರೆ ದಿನವೆಲ್ಲ ಓಡಾಟದಲ್ಲೇ ಮುಗಿದುಹೋಗುತ್ತದೆ. ಆದ್ದರಿಂದ ತಿಯೆನ್‌ತಾನ್ ಎಂಬ ಸ್ವರ್ಗ ದೇಗುಲ ಮತ್ತು ಅದರ ಪೂರ್ವ ದ್ವಾರದ ಬಳಿಯೇ ಇರುವ ಹೊಂಗ್‌ಚಿಯಾವೊ ಮುತ್ತಿನ ಮಾರುಕಟ್ಟೆ, ಇವೆರಡನ್ನೇ ಇಟ್ಟುಕೊಳ್ಳಿರೆಂದು ಎಲ್ಲರಿಗೂ ಹೇಳುತ್ತೇನೆ.

ಸಿದ್ಧತೆ ಊರಿನಲ್ಲಿಯೇ ಆಗಬೇಕು. ಅಲ್ಲಿ ಬೀದಿಬದಿಯ ಹಣ್ಣಿನ ಗಾಡಿಯವರೂ ಮೊಬೈಲಿನಲ್ಲಿಯೇ ಹಣ ಪಡೆಯುವುದರಿಂದ, ಅಲಿಪೇ ಅಥವಾ ವೀಚಾಟ್ ಆ್ಯಪಿಗೆ ನಿಮ್ಮ ಅಂತರರಾಷ್ಟ್ರೀಯ ಕಾರ್ಡನ್ನು ಒಟಿಪಿ ಸುಲಭವಾಗಿ ಬರುವ ಇಲ್ಲಿಯೇ ಜೋಡಿಸಿಕೊಳ್ಳಿ. ಅಲ್ಲಿನ ಇಂಟರ್‌ನೆಟ್‌ನಲ್ಲಿ ಗೂಗಲ್, ವಾಟ್ಸಾಪ್ ನಡೆಯುವುದಿಲ್ಲವಾದ್ದರಿಂದ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುವ ಅನುವಾದದ ಆ್ಯಪ್ ಇರಲಿ. ಚೀನೀ ಲಿಪಿಯಲ್ಲಿ ಹೋಟೆಲಿನ ಹೆಸರಿರುವ ಕಾರ್ಡು, ಸ್ವಲ್ಪ ಚಿಲ್ಲರೆ ನೋಟು, ಮೂಲ ಪಾಸ್‌ಪೋರ್ಟು ಚೀಲದಲ್ಲಿರಲಿ. ಸಸ್ಯಾಹಾರಿಗಳು ನಾಲ್ಕು ಖಡಕ್ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿಪುಡಿ ಕಟ್ಟಿಕೊಂಡರೆ ಮಧ್ಯಾಹ್ನದ ಚಿಂತೆ ಇರುವುದಿಲ್ಲ.

ಮೆಟ್ರೊದ 5ನೆಯ ಮಾರ್ಗದಲ್ಲಿ ತಿಯೆನ್‌ತಾನ್ ತುಂಗ್‌ಮೆನ್ ನಿಲ್ದಾಣದಲ್ಲಿ ಇಳಿಯಿರಿ, ಅದೂ ಬೆಳಗ್ಗೆ ಬೇಗ. ಆ ಹೊತ್ತಿಗೆ ಉದ್ಯಾನದ ತುಂಬ ಹಿರಿಯರು ತಾಯ್‌ಚಿ ಮಾಡುತ್ತ, ಗರಿಯ ಚೆಂಡನ್ನು ಕಾಲಿನಲ್ಲಿ ಚಿಮ್ಮುತ್ತ, ಇಸ್ಪೀಟಾಡುತ್ತ ಇರುತ್ತಾರೆ. ನಾನು ಹೋದ ದಿನ ಒಬ್ಬ ಅಜ್ಜ ಉದ್ದನೆಯ ಕುಂಚವನ್ನು ಬರಿಯ ನೀರಿನಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ಅಕ್ಷರ ಬರೆಯುತ್ತಿದ್ದರು. ಸಾಲಿನ ಕೊನೆಯ ಅಕ್ಷರ ಮೂಡುವಷ್ಟರಲ್ಲಿ ಮೊದಲನೆಯದು ಆರಿಹೋಗಿರುತ್ತಿತ್ತು. 1420ರಲ್ಲಿ ಪೂರ್ಣಗೊಂಡ ಈ ದೇಗುಲದಲ್ಲಿ ಚಕ್ರವರ್ತಿಗಳು ಒಳ್ಳೆಯ ಬೆಳೆಗಾಗಿ ಪ್ರಾರ್ಥಿಸುತ್ತಿದ್ದರು. 1889ರಲ್ಲಿ ಸಿಡಿಲಿಗೆ ಸುಟ್ಟು ಮತ್ತೆ ಕಟ್ಟಿದ ಮುಖ್ಯ ಮಂದಿರವು 28 ಮರದ ಕಂಬಗಳ ಮೇಲೆ ನಿಂತಿದ್ದು, ನಡುವಿನ ನಾಲ್ಕು ಕಂಬಗಳು ನಾಲ್ಕು ಋತುಗಳನ್ನು ಸೂಚಿಸುತ್ತವೆ. ಜಗಳೂರಿನ ಕಡೆ ಮುಗಿಲು ನೋಡಿ ಬಿತ್ತುವವರ ಮನೆಯಿಂದ ಹೋದ ನನಗೆ ಅಲ್ಲಿಂದ ಬೇಗ ಹೊರಡಲು ಮನಸ್ಸೇ ಬರಲಿಲ್ಲ.

ಮಾರುಕಟ್ಟೆಯ ಒಳಗೆ ಹೋದ ಕೂಡಲೇ ಕೊಳ್ಳಬೇಡಿ. ಒಂದು ಸುತ್ತು ಸುಮ್ಮನೆ ತಿರುಗಿ, ಒಂದೇ ಬಗೆಯ ಸರಕ್ಕೆ ಮೂರು ಅಂಗಡಿಗಳಲ್ಲಿ ಬೆಲೆ ಕೇಳಿ. ಅಲ್ಲಿ ಮಾರುವ ಮುತ್ತುಗಳಲ್ಲಿ ಹೆಚ್ಚಿನವು ಸಿಹಿನೀರಿನ ಕೊಳಗಳಲ್ಲಿ ಚಿಪ್ಪಿನೊಳಗೆ ಬೆಳೆಸಿದವು. ಅವು ಅಸಲಿಯೇ ಆದರೂ ಸಮುದ್ರದ ಮುತ್ತಿನ ಬೆಲೆ ಅವಕ್ಕಿಲ್ಲ. ಎರಡು ಮುತ್ತುಗಳನ್ನು ಮೆಲ್ಲಗೆ ಒಂದಕ್ಕೊಂದು ಉಜ್ಜಿದಾಗ ಸಣ್ಣ ರವೆ ಸಿಕ್ಕಂತೆ ತರಿತರಿ ಎನಿಸಿದರೆ ಅಸಲಿ, ಗಾಜಿನಂತೆ ಜಾರಿದರೆ ನಕಲಿ. ಮುತ್ತು ಮುತ್ತಿನ ನಡುವೆ ದಾರಕ್ಕೆ ಗಂಟು ಹಾಕಿರುವುದನ್ನೂ ನೋಡಿಕೊಳ್ಳಿ. ಗಂಟಿದ್ದರೆ ದಾರ ಹರಿದರೂ ಮುತ್ತುಗಳು ಚೆಲ್ಲಾಡುವುದಿಲ್ಲ.

ಮಂಡಿಪೇಟೆಯಲ್ಲಿ ಚೌಕಾಸಿ ಮಾಡಿ ಬೆಳೆದ ನಮಗೆ ಚೌಕಾಸಿ ಹೊಸದಲ್ಲ. ಆದರೆ ಇಲ್ಲಿ ಮಾಲಿನ ಅಸಲು ನಮಗೆ ಅಂದಾಜಿರುತ್ತದೆ, ಅಲ್ಲಿ ಇರುವುದಿಲ್ಲ. ಆದ್ದರಿಂದ ಮಾರುವವರು ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತುವ ಮೊದಲೇ, ಈ ವಸ್ತುವಿಗೆ ನಾನು ಕೊಡಬಲ್ಲ ಗರಿಷ್ಠ ಬೆಲೆ ಇಷ್ಟು ಎಂದು ರೂಪಾಯಿಯಲ್ಲಿಯೇ ನಿಶ್ಚಯಿಸಿಕೊಳ್ಳಿ. ಒಂದು ಯುವಾನಿಗೆ ಎಷ್ಟು ರೂಪಾಯಿ ಎಂಬ ಅಂದಿನ ದರ ನೋಡಿಕೊಂಡು ಲೆಕ್ಕ ಹಿಡಿಯಿರಿ. ನಿಮ್ಮ ಮಿತಿ 150 ಯುವಾನ್ ಆಗಿದ್ದರೆ, ಅವರು 800 ತೋರಿಸಿದರೂ ನೀವು 100ರಿಂದಲೇ ಆರಂಭಿಸಿ, ಹತ್ತು ಹತ್ತಾಗಿ ಏರಿ. ‘ದ್ವೊಶಾವ್ ಚಿಯೆನ್’ ಎಂದರೆ ಬೆಲೆ ಎಷ್ಟು, ‘ಥಾಯ್ ಗ್ವೇ ಲ’ ಎಂದರೆ ಬಹಳ ದುಬಾರಿ; ನಗುತ್ತ ಹೇಳಿದರೆ ಈ ಎರಡು ಮಾತೇ ಸಾಕು. ಒಪ್ಪದಿದ್ದರೆ ನಿಧಾನವಾಗಿ ಹೊರಡಿ, ಬಹುಪಾಲು ಹಿಂದಿನಿಂದ ಕರೆ ಬರುತ್ತದೆ. ಆದರೆ ನೀವೇ ಹೇಳಿದ ಬೆಲೆಗೆ ಅವರು ಒಪ್ಪಿದ ಮೇಲೆ ಬೇಡವೆನ್ನುವುದು ಮರ್ಯಾದೆಯಲ್ಲ. ಸೂಪರ್‌ಮಾರ್ಕೆಟ್, ಹೋಟೆಲುಗಳಲ್ಲಿ ಚೌಕಾಸಿ ಇಲ್ಲ.

ಬೆರಳ ಲೆಕ್ಕದ ಬಗ್ಗೆ ಎಚ್ಚರವಿರಲಿ. ಚೀನೀಯರು ಒಂದೇ ಕೈಯಲ್ಲಿ ಹತ್ತರವರೆಗೆ ತೋರಿಸುತ್ತಾರೆ. ಹೆಬ್ಬೆರಳು, ಕಿರುಬೆರಳು ಚಾಚಿದರೆ ಆರು. ಹೆಬ್ಬೆರಳು, ತೋರುಬೆರಳು ಚಾಚಿದರೆ ಎಂಟು. ನಮ್ಮ ಅತ್ತಿಗೆಯವರು ಆ ಎಂಟನ್ನು ಎರಡೆಂದು ತಿಳಿದು, 80 ಯುವಾನಿನ ಬೀಸಣಿಗೆಯನ್ನು 20ಕ್ಕೆ ಗೆದ್ದೆನೆಂದು ಸಂಭ್ರಮಿಸಿ, ಹಣ ಕೊಡುವಾಗ ಪೇಚಿಗೆ ಸಿಕ್ಕಿದರು. ಅಂಕಿಯನ್ನು ಕ್ಯಾಲ್ಕುಲೇಟರಿನಲ್ಲಿ ನೋಡದೆ ಹೂಂ ಅನ್ನಬೇಡಿ.

ಹೊರಗೆ ಊಟ ಮಾಡುವುದಾದರೆ ‘ವೊ ಛ ಸು’, ಅಂದರೆ ನಾನು ಸಸ್ಯಾಹಾರಿ, ಎಂದು ಹೇಳಿ. ತರಕಾರಿಯ ಪದಾರ್ಥಕ್ಕೂ ಮಾಂಸದ ಸಾರು ಬೆರೆಸುವುದುಂಟು. ಸಂಜೆ ತಿಯೆನಾನ್‌ಮೆನ್, ವಾಂಗ್‌ಫುಜಿಂಗ್ ಕಡೆ ಅಡ್ಡಾಡುವಾಗ ಇಂಗ್ಲಿಷಿನಲ್ಲಿ ಮಾತಿಗೆಳೆದು ಚಹಾ ಕುಡಿಯೋಣ ಬನ್ನಿ ಎನ್ನುವ ಅಪರಿಚಿತರಿಗೆ ವಿನಯದಿಂದ ಬೇಡವೆನ್ನಿ. ಎರಡು ಲೋಟ ಚಹಾಕ್ಕೆ ಸಾವಿರಾರು ರೂಪಾಯಿ ಕಸಿಯುವ ಹಳೆಯ ಮೋಸವಿದು.

ಅಂಗಡಿಯಲ್ಲಿ ಹಣ ಕೊಡುವಾಗ ಮೊಬೈಲಿನಲ್ಲಿ ಅಂಕಿಯನ್ನು ನೀವೇ ಒತ್ತಿ, ಅವರಿಗೆ ತೋರಿಸಿದ ಮೇಲೆ ಕಳುಹಿಸಿ. ನೀವು ಆರಿಸಿದ ಸರವೇ ಡಬ್ಬಿಗೆ ಹೋಯಿತೇ ಎಂದು ಮುಚ್ಚಳ ತೆಗೆಸಿ ನೋಡಿ, ಆಮೇಲೆ ಚೀಲಕ್ಕೆ ಹಾಕಿಕೊಳ್ಳಿ.