ಕಣದ ಕ್ಯಾಮೆರಾ ಕಂಡದ್ದನ್ನು ಕೆಡದಂತೆ ಹೊರತೆಗೆಯುವುದು ಹೇಗೆ?

ಕೊಯ್ಲಿನ ದಿನಗಳಲ್ಲಿ ಕೊಡಗಿನ ಬೆಳೆಗಾರರ ವರ್ಷದ ದುಡಿಮೆಯೆಲ್ಲ ಕಣದಲ್ಲಿ ಹರಡಿಕೊಂಡಿರುತ್ತದೆ. ಕಾಫಿ, ಕಾಳುಮೆಣಸಿನ ಕಳವಿನ ಭಯದಿಂದ ಕಣಕ್ಕೂ ಗೋದಾಮಿಗೂ ಕ್ಯಾಮೆರಾ ಹಾಕಿಸುವವರಿದ್ದಾರೆ. ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟಗಳಲ್ಲಿ ಕಾಡಾನೆಗಳ ಓಡಾಟವನ್ನು ಗಮನಿಸುವುದಕ್ಕೂ ಅದು ಬೇಕಾಗುತ್ತದೆ. ಆದರೆ ಕ್ಯಾಮೆರಾ ಇದ್ದ ಮಾತ್ರಕ್ಕೆ ದೃಶ್ಯ ಕೈಗೆ ಸಿಕ್ಕಂತಲ್ಲ. ಅದನ್ನು ಸಕಾಲದಲ್ಲಿ, ಮೂಲ ರೂಪದಲ್ಲಿಯೇ ರೆಕಾರ್ಡರ್‌ನಿಂದ ಹೊರತೆಗೆದಾಗ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ.

ಡಿವಿಆರ್ ಅಥವಾ ಎನ್‌ವಿಆರ್ ಎಂದು ಕರೆಯುವ ಈ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ನಡೆಯುವ ಚಿಕ್ಕ ಕಂಪ್ಯೂಟರ್‌ಗಳು. ಹಾರ್ಡ್ ಡಿಸ್ಕ್ ತುಂಬಿದೊಡನೆ ಅವು ಅತ್ಯಂತ ಹಳೆಯ ದೃಶ್ಯವನ್ನು ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಬರೆಯುತ್ತವೆ. ಸೆಕೆಂಡಿಗೆ 4 ಮೆಗಾಬಿಟ್‌ನಂತೆ ನಿರಂತರವಾಗಿ ಮುದ್ರಿಸುವ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 43 ಜಿಬಿ ಬೇಕು; ಅಂಥ ನಾಲ್ಕು ಕ್ಯಾಮೆರಾಗಳಿದ್ದರೆ 2 ಟಿಬಿ ಡಿಸ್ಕ್ ಹನ್ನೊಂದು ದಿನಗಳಲ್ಲಿ ತುಂಬುತ್ತದೆ. ದೃಶ್ಯವನ್ನು ಹೆಚ್ಚು ಕುಗ್ಗಿಸಿ ಉಳಿಸುವ ಎಚ್.265 ವಿಧಾನವನ್ನು ಆರಿಸಿಕೊಂಡರೆ ಹೆಚ್ಚು ದಿನ ಬರುತ್ತದೆ. ಚಲನೆ ಕಂಡಾಗ ಮಾತ್ರ ಮುದ್ರಿಸುವ ವ್ಯವಸ್ಥೆಯೂ ಉಂಟು. ಆದರೆ ನಮ್ಮ ಮಳೆಗಾಲದಲ್ಲಿ ಪ್ರತಿ ಹನಿಯೂ, ಕ್ಯಾಮೆರಾದ ಮುಂದೆ ಬಲೆ ಕಟ್ಟುವ ಪ್ರತಿ ಜೇಡವೂ ಅದಕ್ಕೆ ಚಲನೆಯಾಗಿಯೇ ಕಾಣುವುದರಿಂದ ಉಳಿತಾಯವನ್ನು ನೆಚ್ಚುವಂತಿಲ್ಲ. ಕೊಯ್ಲಿನ ಕಾಲದಲ್ಲಿ ಕಣದ ಕ್ಯಾಮೆರಾವನ್ನಾದರೂ ನಿರಂತರ ಮುದ್ರಣಕ್ಕೆ ಇಡುವುದು ಒಳ್ಳೆಯದು.

ಮೊದಲು ಗಡಿಯಾರವನ್ನು ನೋಡಿ. ಕೆಲವು ರೆಕಾರ್ಡರ್‌ಗಳು ಚೀನಾದ ಸಮಯವಲಯದಲ್ಲಿಯೇ ಬರುತ್ತವೆ. ಅಂಥದ್ದರಲ್ಲಿ ರಾತ್ರಿ 11 ಗಂಟೆಯ ಘಟನೆ ಮರುದಿನ ಬೆಳಗಿನ ಜಾವ 1.30ರದ್ದೆಂದು ದಾಖಲಾಗುತ್ತದೆ. ಒಳಗಿನ ಪುಟ್ಟ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ ಹಳೆಯ ವರ್ಷವೊಂದಕ್ಕೆ ಜಿಗಿಯಬಹುದು. ಸಮಯವಲಯವನ್ನು ಭಾರತದ +5.30 ಎಂದು ಆರಿಸಿ, ಇಂಟರ್‌ನೆಟ್ ಇದ್ದಲ್ಲಿ ಅದರಿಂದಲೇ ಸಮಯ ಪಡೆಯುವ ಆಯ್ಕೆಯನ್ನು ಚಾಲೂ ಮಾಡಿ. ಆದರೆ ಘಟನೆ ಈಗಾಗಲೇ ನಡೆದುಹೋಗಿದ್ದರೆ ಗಡಿಯಾರವನ್ನು ಮುಟ್ಟಬೇಡಿ. ರೆಕಾರ್ಡರ್ ತೋರಿಸುವ ಸಮಯವೂ ನಿಮ್ಮ ಮೊಬೈಲಿನ ಸಮಯವೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆದು, ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ. ದೃಶ್ಯವನ್ನು ಹೊರತೆಗೆದ ಮೇಲೆಯೇ ಸರಿಪಡಿಸಿ.

ಪೆನ್‌ಡ್ರೈವ್‌ನ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಅಂಗಡಿಯಲ್ಲಿ ಸಿಗುವ 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಡ್ರೈವ್‌ಗಳು ಸಾಮಾನ್ಯವಾಗಿ ಫೈಲ್‌ಗಳನ್ನು ಜೋಡಿಸಿಡುವ ಎಕ್ಸ್‌ಫ್ಯಾಟ್ ಎಂಬ ವಿನ್ಯಾಸದಲ್ಲಿರುತ್ತವೆ. ಲಿನಕ್ಸ್‌ನ ತಿರುಳಿಗೆ (ಕರ್ನೆಲ್) ಎಕ್ಸ್‌ಫ್ಯಾಟ್ ಬೆಂಬಲ ಸೇರಿದ್ದು 2019ರಲ್ಲಿ. ಹೆಚ್ಚಿನ ರೆಕಾರ್ಡರ್‌ಗಳೊಳಗಿನ ತಿರುಳು ಅದಕ್ಕಿಂತ ಹಳೆಯದಾದ್ದರಿಂದ ಅಂಥ ಡ್ರೈವ್ ಚುಚ್ಚಿದರೂ ಪೆಟ್ಟಿಗೆ ಅದನ್ನು ಗುರುತಿಸದೆ ಇರಬಹುದು. 32 ಜಿಬಿಯ ಖಾಲಿ ಡ್ರೈವನ್ನು ಫ್ಯಾಟ್32 ಎಂಬ ಹಳೆಯ ವಿನ್ಯಾಸಕ್ಕೆ ಫಾರ್ಮ್ಯಾಟ್ ಮಾಡಿ ಬಳಸಿದರೆ ಈ ತೊಡಕಿಲ್ಲ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿಯನ್ನು ಮೀರುವಂತಿಲ್ಲ. ಆದ್ದರಿಂದ ಇಡೀ ರಾತ್ರಿಯ ಬದಲು ಗಂಟೆಗಂಟೆಯ ತುಂಡುಗಳಾಗಿ ತೆಗೆಯಿರಿ.

ಇನ್ನು ಹೊರತೆಗೆಯುವ ಕ್ರಮ. ಮೆನುವಿನಲ್ಲಿ ಪ್ಲೇಬ್ಯಾಕ್‌ಗೆ ಹೋಗಿ, ಕ್ಯಾಮೆರಾವನ್ನೂ ದಿನಾಂಕವನ್ನೂ ಆರಿಸಿ, ಘಟನೆಯನ್ನು ಒಮ್ಮೆ ಪೂರ್ತಿ ನೋಡಿ. ಬಳಿಕ ಬ್ಯಾಕಪ್ ಅಥವಾ ಎಕ್ಸ್‌ಪೋರ್ಟ್ ಎಂಬಲ್ಲಿ ಘಟನೆಗೆ ಹತ್ತು ನಿಮಿಷ ಮುಂಚಿನಿಂದ ಹತ್ತು ನಿಮಿಷ ಅನಂತರದವರೆಗಿನ ಅವಧಿಯನ್ನು ಕೊಡಿ. ಕಳ್ಳ ಬಂದ ದಾರಿ ಹಲವು ಬಾರಿ ಪಕ್ಕದ ಕ್ಯಾಮೆರಾದಲ್ಲಿ ಕಾಣುವುದರಿಂದ ಅದೇ ಅವಧಿಯ ಉಳಿದ ಕ್ಯಾಮೆರಾಗಳನ್ನೂ ಸೇರಿಸಿಕೊಳ್ಳಿ. ಪೆಟ್ಟಿಗೆ ತನ್ನದೇ ಮೂಲ ಸ್ವರೂಪವನ್ನೂ ಎಂಪಿ4 ಅನ್ನೂ ಮುಂದಿಟ್ಟರೆ ಎರಡನ್ನೂ ಉಳಿಸಿ, ಪ್ಲೇಯರ್ ತಂತ್ರಾಂಶ ಜೊತೆಗೆ ಸಿಕ್ಕರೆ ಅದನ್ನೂ ನಕಲಿಸಿ. ನಕಲಾಗುತ್ತಿರುವಾಗ ಕರೆಂಟು ಹೋದರೆ ಫೈಲ್ ಹಾಳಾಗಬಹುದು. ಯುಪಿಎಸ್ ಇಲ್ಲದೆ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂರಬಾರದು.

ಪೆಟ್ಟಿಗೆಯನ್ನು ಬಿಚ್ಚಿ, ಹಾರ್ಡ್ ಡಿಸ್ಕನ್ನೇ ತೆಗೆದು ಕಂಪ್ಯೂಟರ್‌ಗೆ ಜೋಡಿಸುವುದು ಅಪಾಯದ ಹಾದಿ. ಲಿನಕ್ಸ್‌ನ ಫೈಲ್ ವ್ಯವಸ್ಥೆಯಲ್ಲಿಯೋ ತಯಾರಕರ ಸ್ವಂತ ವಿನ್ಯಾಸದಲ್ಲಿಯೋ ಇರುವ ಆ ಡಿಸ್ಕನ್ನು ವಿಂಡೋಸ್ ಓದಲಾರದೆ, ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಅದಕ್ಕೆ ಹೂಂ ಎಂದರೆ ದೃಶ್ಯ ಹೋದಂತೆಯೇ.

ಫೈಲ್‌ಗಳನ್ನು ಕಂಪ್ಯೂಟರ್‌ನಲ್ಲಿ ವಿಎಲ್‌ಸಿಯಂಥ ಪ್ಲೇಯರ್‌ನಲ್ಲಿ ತೆರೆದು ಕೊನೆಯವರೆಗೂ ಓಡುತ್ತವೆಯೇ ಎಂದು ಪರೀಕ್ಷಿಸಿ. ಮೂಲ ಸ್ವರೂಪದ ಫೈಲ್ ಅಲ್ಲಿ ಓಡದಿದ್ದರೆ ಜೊತೆಗೆ ಬಂದ ಪ್ಲೇಯರನ್ನು ಬಳಸಿ. ಬಳಿಕ ಪ್ರತಿ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ಮೌಲ್ಯವನ್ನು, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತವನ್ನು, ತೆಗೆಯಿರಿ. ವಿಂಡೋಸ್‌ನಲ್ಲಿಯೂ ಲಿನಕ್ಸ್‌ನಲ್ಲಿಯೂ ಇದಕ್ಕೆ ಸಿದ್ಧ ಆದೇಶಗಳಿವೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಈ ಮೌಲ್ಯ ಪೂರ್ತಿ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ದೃಶ್ಯವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಕೊಡುವಾಗ ಬೇಕಾಗುವ ಪ್ರಮಾಣಪತ್ರದಲ್ಲಿ ಈ ಮೌಲ್ಯವನ್ನು ಬರೆಯಬೇಕಾಗುತ್ತದೆ. ಅದರ ಮೊದಲ ಭಾಗವನ್ನು ದಾಖಲೆ ಹಾಜರುಪಡಿಸುವವರೂ ಎರಡನೆಯದನ್ನು ತಜ್ಞರೂ ತುಂಬುತ್ತಾರೆ.

ಮೊಬೈಲ್ ಆ್ಯಪ್‌ನಲ್ಲಿ ಉಳಿಸಿದ ತುಣುಕು ಮೊಬೈಲಿಗೆಂದು ಕುಗ್ಗಿಸಿ ಕಳಿಸುವ ಕಡಿಮೆ ಗುಣಮಟ್ಟದ ಉಪಪ್ರವಾಹದ್ದಾಗಿರಬಹುದು (ಸಬ್‌ಸ್ಟ್ರೀಮ್). ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಇನ್ನಷ್ಟು ಕುಗ್ಗಿ, ಮುಖವಾಗಲಿ ವಾಹನದ ಸಂಖ್ಯೆಯಾಗಲಿ ಓದಲಾಗದಂತಾಗುತ್ತದೆ. ತುರ್ತಾಗಿ ಕಳಿಸಲೇಬೇಕಾದರೆ ಎಂಪಿ4 ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಠಾಣೆಗಾಗಲಿ ಅರಣ್ಯ ಇಲಾಖೆಗಾಗಲಿ ಕೊಡುವುದಕ್ಕೆ ಬೇರೆ ಪ್ರತಿ ಮಾಡಿ, ಮೊದಲು ತೆಗೆದ ಪೆನ್‌ಡ್ರೈವ್‌ಗೆ ಕ್ಯಾಮೆರಾ, ದಿನಾಂಕ, ಗಡಿಯಾರದ ವ್ಯತ್ಯಾಸಗಳನ್ನು ಬರೆದ ಚೀಟಿ ಅಂಟಿಸಿ, ತೇವ ತಾಗದ ಡಬ್ಬಿಯಲ್ಲಿ ಮನೆಯಲ್ಲಿಯೇ ಇಟ್ಟುಕೊಳ್ಳಿ.