ಆಸ್ಟ್ರೇಲಿಯಾದಲ್ಲಿ ದೋಣಿ ಟ್ರೇಲರ್ ಬ್ರೇಕು: ತೂಕ, ಕಾಯಿದೆ, ಉಪ್ಪುನೀರು

ಮುಧೋಳ, ಜಮಖಂಡಿ ಕಡೆ ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್ ಹೋಗುವುದನ್ನು ನೋಡಿ ಬೆಳೆದವರಿಗೆ ಟ್ರೇಲರಿಗೂ ತನ್ನದೇ ಬ್ರೇಕು ಬೇಕೆಂಬುದು ಹೊಸ ಮಾತು. ಆಸ್ಟ್ರೇಲಿಯಾದಲ್ಲಿ ಅದು ಕಾಯಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಬಂದು ಇಲ್ಲಿ ಹಳೆಯ ದೋಣಿ ಕೊಳ್ಳುವವರು ಎಂಜಿನ್ ಚಾಲೂ ಮಾಡಿಸಿ ನೋಡುತ್ತಾರೆ, ಟ್ರೇಲರ್ ಕೆಳಗೆ ಬಗ್ಗಿ ನೋಡುವುದಿಲ್ಲ. ದುಡ್ಡು ಕೊಡುವ ಮುಂಚೆ ಬಗ್ಗಿ ನೋಡಿ. ರಸ್ತೆಯಲ್ಲಿ ಅದು ನಿಲ್ಲದಿದ್ದರೆ ಜವಾಬು ಕೊಡಬೇಕಾದವರು ಜಗ್ಗುವ ನೀವೇ.

ಮೊದಲು ಎರಡು ತೂಕ ತಿಳಿದಿರಲಿ. ಕಾರಿನಿಂದ ಬಿಚ್ಚಿ ನಿಲ್ಲಿಸಿದಾಗ ಟ್ರೇಲರ್ ಮತ್ತು ಸಾಮಾನಿಗೆ ಇರಬಹುದಾದ ಒಟ್ಟು ತೂಕದ ಮಿತಿ ಎಟಿಎಂ. ಕಾರಿಗೆ ಕಟ್ಟಿದಾಗ ಟ್ರೇಲರ್ ಗಾಲಿಗಳ ಮೇಲಷ್ಟೇ ಬೀಳುವ ತೂಕದ ಮಿತಿ ಜಿಟಿಎಂ. ಬ್ರೇಕಿನ ನಿಯಮ ನಿಂತಿರುವುದು ಜಿಟಿಎಂ ಮೇಲೆ. 750 ಕೆಜಿವರೆಗೆ ಬ್ರೇಕು ಕಡ್ಡಾಯವಲ್ಲ. ಅದಕ್ಕಿಂತ ಹೆಚ್ಚು, 2000 ಕೆಜಿವರೆಗೆ, ಕನಿಷ್ಠ ಒಂದು ಆಕ್ಸಲ್‌ನ ಎರಡೂ ಗಾಲಿಗೆ ಬ್ರೇಕು ಬೇಕು. 2000 ದಾಟಿದರೆ ಎಲ್ಲ ಗಾಲಿಗೂ ಬೇಕು, ಚಾಲಕ ಕುಳಿತಲ್ಲಿಂದಲೇ ಅದು ನಡೆಯಬೇಕು, ಜೊತೆಗೆ ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕು ಹಿಡಿದು ಕನಿಷ್ಠ 15 ನಿಮಿಷ ಬಿಡದೆ ನಿಲ್ಲಿಸುವ ವ್ಯವಸ್ಥೆಯೂ ಇರಬೇಕು.

ಐದು ಮೀಟರಿನ ದೋಣಿಯ ಲೆಕ್ಕ ಹೀಗೆ ಬರಬಹುದು: ದೋಣಿ 520 ಕೆಜಿ, ಎಂಜಿನ್ 165, 90 ಲೀಟರ್ ಪೆಟ್ರೋಲ್ ಸುಮಾರು 65, ಬ್ಯಾಟರಿ, ಲಂಗರು, ಮಂಜುಗಡ್ಡೆ ಪೆಟ್ಟಿಗೆ ಎಲ್ಲ ಸೇರಿ 100, ಟ್ರೇಲರ್ 350. ಒಟ್ಟು 1200. ಮಾರುವವರು ಸಾಮಾನಿನ ತೂಕ ಹಿಡಿಯುವುದಿಲ್ಲ. ಕಾರ್ಖಾನೆಯ ಕಾಟಾದ ಮೇಲೆ ಕಬ್ಬು ತೂಗಿಸುವಂತೆ ನೀವೂ ತೂಗಿಸಿ. ಕಾರಿಗೆ ಕಟ್ಟಿದಂತೆಯೇ ಟ್ರೇಲರ್ ಗಾಲಿಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿದರೆ ಬರುವ ತೂಕ ಜಿಟಿಎಂ ಒಳಗಿರಬೇಕು, ಬಿಚ್ಚಿ ಇಡಿಯಾಗಿ ತೂಗಿದರೆ ಬರುವುದು ಎಟಿಎಂ ಒಳಗಿರಬೇಕು.

2000 ಕೆಜಿ ಒಳಗಿನ ದೋಣಿ ಟ್ರೇಲರುಗಳಲ್ಲಿ ಹೆಚ್ಚಾಗಿ ಕಾಣುವುದು ಓವರ್‌ರೈಡ್ ಬ್ರೇಕು. ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತದೆ, ಕಾರಿಗೆ ಕಟ್ಟುವ ಕೊಂಡಿ, ಅಂದರೆ ಕಪ್ಲಿಂಗ್, ಒಳಗೆ ಸರಿಯುತ್ತದೆ, ಆ ನೂಕಿನಿಂದಲೇ ಕೇಬಲ್ ಇಲ್ಲವೇ ಬ್ರೇಕ್ ಎಣ್ಣೆ ಒತ್ತುವ ಮಾಸ್ಟರ್ ಸಿಲಿಂಡರ್ ಕೆಲಸ ಮಾಡುತ್ತದೆ. ಹಿಂದಕ್ಕೆ ಒತ್ತುವಾಗಲೂ ಇದೇ ಬ್ರೇಕು ಹಿಡಿಯುವುದರಿಂದ ರಿವರ್ಸ್ ತಡೆ ಲಿವರ್ ಹಾಕಬೇಕು. ಅದನ್ನು ಹಾಕಿಯೇ ಹೊರಟರೆ ನಿಮಗೆ ಬ್ರೇಕೇ ಇಲ್ಲ.

ಕೃಷ್ಣೆ, ಘಟಪ್ರಭೆಯ ಸಿಹಿನೀರಿನ ಅನುಭವ ಇಲ್ಲಿ ಲೆಕ್ಕಕ್ಕೆ ಬಾರದು. ಸಮುದ್ರದಲ್ಲಿ ಮುಳುಗಿ ಬಂದ ಬ್ರೇಕು ಓಡಿ ಸವೆಯುವುದಕ್ಕಿಂತ ನಿಂತೇ ಹೆಚ್ಚು ಹಾಳಾಗುತ್ತದೆ. ಡಿಸ್ಕನ್ನು ಒತ್ತಿ ನಿಲ್ಲಿಸುವ ಪ್ಯಾಡಿನ ಉಕ್ಕಿನ ತಗಡಿಗೆ ಜಂಗು ಹಿಡಿದು, ಆ ಜಂಗು ಉಬ್ಬಿ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗನ್ನು, ಎಬ್ಬಿಸುತ್ತದೆ. ಎಂಟು ಮಿಮೀ ದಪ್ಪ ಉಳಿದ ಪ್ಯಾಡೂ ಕೈಯಲ್ಲಿ ಕಿತ್ತು ಬರಬಹುದು, ಅದಕ್ಕೇ ದಪ್ಪ ಒಂದನ್ನೇ ನೋಡಿ ಪಾಸು ಮಾಡಬೇಡಿ.

ಪ್ಯಾಡನ್ನು ಡಿಸ್ಕಿಗೆ ಒತ್ತುವ ಹೈಡ್ರಾಲಿಕ್ ಕ್ಯಾಲಿಪರ್ ಬಿಚ್ಚುವಾಗ ಟ್ರೇಲರನ್ನು ಜಾಕಿನ ಮೇಲಲ್ಲ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಪಿಸ್ಟನ್ ಎದುರಿಗೆ ಮರದ ತುಂಡಿಟ್ಟು, ಬೆರಳು ದೂರವಿಟ್ಟು, ಕಡಿಮೆ ಒತ್ತಡದ ಗಾಳಿಯಿಂದ ಪಿಸ್ಟನ್ ಹೊರತನ್ನಿ. ಪಿಸ್ಟನ್ ಮೈಮೇಲೆ ಕುಳಿ ಬಿದ್ದಿದ್ದರೆ ಸೀಲ್ ಬದಲಿಸಿ ಪ್ರಯೋಜನವಿಲ್ಲ, ಆ ಕುಳಿಯೇ ಹೊಸ ಸೀಲನ್ನೂ ಕೊರೆಯುತ್ತದೆ. ಸಿಲಿಂಡರ್ ಒಳಗೂ ಕುಳಿ ಇದ್ದರೆ ಇಡೀ ಕ್ಯಾಲಿಪರ್ ಬದಲಿಸುವುದೇ ಲೇಸು. ಮೈ ನಯವಾಗಿದ್ದರೆ ಸೀಲು, ಧೂಳು ತಡೆಯುವ ರಬ್ಬರ್ ಬೂಟು ಹೊಸದು ಹಾಕಿ, ಹೊಸ ಬ್ರೇಕ್ ಎಣ್ಣೆ ಸವರಿ ಪಿಸ್ಟನ್ನನ್ನು ಕೈಯಿಂದಲೇ ಒತ್ತಿ ಕೂಡಿಸಿ. ಜಾರು ಪಿನ್ನುಗಳಿಗೆ ಸಿಲಿಕೋನ್ ಗ್ರೀಸು. ಹೋಸ್ ಬೋಲ್ಟಿನ ತಾಮ್ರದ ವಾಷರ್ ಪ್ರತಿ ಸಲ ಹೊಸದು. ಉಕ್ಕಿನ ಪೈಪು ಕೊರೆದುಹೋಗಿದ್ದರೆ ತಾಮ್ರ-ನಿಕಲ್ ಪೈಪು ಹಾಕಿ, ಅದಕ್ಕೆ ಜಂಗು ಹಿಡಿಯುವುದಿಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಕೆಲಸ ಮಾಡಿದವರು ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಅಲ್ಲಿಯ ಖನಿಜ ಎಣ್ಣೆಗೆ ಹೊಂದುವ ನೈಟ್ರೈಲ್ ರಬ್ಬರಿನ ಸೀಲು ಗ್ಲೈಕಾಲ್ ಬ್ರೇಕ್ ಎಣ್ಣೆಗೆ ಆಗದು, ಇಲ್ಲಿ ಇಪಿಡಿಎಂ ಎಂಬ ರಬ್ಬರಿನದು ಬೇಕು. ಹಾಗೆಯೇ ಮಾಮೂಲಿ ಗ್ರೀಸು, ಪೆಟ್ರೋಲು, ಡೀಸೆಲ್ ಸೋಕಿದರೆ ಇಪಿಡಿಎಂ ಉಬ್ಬಿ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ತೊಳೆಯಲು ಬ್ರೇಕ್ ಕ್ಲೀನರ್ ಇಲ್ಲವೇ ಸ್ಪಿರಿಟ್ ಬಳಸಿ. ಬ್ರೇಕ್ ಎಣ್ಣೆಯ ದರ್ಜೆಗಳಲ್ಲಿ ಡಾಟ್ 3, ಡಾಟ್ 4 ಒಂದಕ್ಕೊಂದು ಬೆರೆಯುತ್ತವೆ, ಸಿಲಿಕೋನಿನ ಡಾಟ್ 5 ಅವುಗಳೊಂದಿಗೆ ಬೆರೆಯದು. ಗ್ಲೈಕಾಲ್ ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುವುದರಿಂದ ಉಪ್ಪುನೀರಿನ ಟ್ರೇಲರಿಗೆ ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

ಬೇರಿಂಗು ಕೊಳ್ಳುವಾಗ ಅಂಗಡಿಯವರು ‘ಎಲ್‌ಎಂ’ ಹೋಲ್ಡನ್ನೋ, ‘ಎಸ್‌ಎಲ್’ ಫೋರ್ಡೋ ಎಂದು, ಅಂದರೆ ಯಾವ ಅಳತೆಯ ಜೋಡಿ ಎಂದು, ಕೇಳುತ್ತಾರೆ. ಹಳೆಯ ಬೇರಿಂಗಿನ ಮೇಲಿನ ಸಂಖ್ಯೆ ನೋಡಿ: ಒಳಗಿನದು 67048, ಹೊರಗಿನದು 11949 ಎಂದಿದ್ದರೆ ಮೊದಲನೆಯದು. 68149, 12749 ಎಂದಿದ್ದರೆ ಎರಡನೆಯದು. ಗಾಲಿಯ ನಡುವಿನ ಹಬ್ ತಿರುಗಿಸುತ್ತಾ ನಟ್ಟು ಬಿಗಿ ಮಾಡಿ, ನಂತರ ಸ್ವಲ್ಪ ಸಡಿಲಿಸಿ ಹೊಸ ಪಿನ್ ಹಾಕಿ. ಹಿಂದಿನ ಸೀಲ್ ಸೋರಿದರೆ ಗ್ರೀಸು ಡಿಸ್ಕಿಗೆ ಬೀಳುತ್ತದೆ, ಆಗ ಪ್ಯಾಡು ತೊಳೆದು ಹಾಕುವ ಆಸೆ ಬೇಡ, ಬದಲಿಸಿ.

ಬ್ರೇಕ್ ಪೈಪಿನೊಳಗೆ ಸಿಕ್ಕಿದ ಗಾಳಿ ತೆಗೆಯುವುದು ಮಾಸ್ಟರ್ ಸಿಲಿಂಡರಿಗೆ ದೂರದ ಗಾಲಿಯಿಂದ ಶುರು. ಒಬ್ಬರು ಕಪ್ಲಿಂಗ್ ಒಳಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕ್ಯಾಲಿಪರಿನ ಗಾಳಿ ಬಿಡುವ ನಿಪ್ಪಲ್ ತೆರೆದು ಮುಚ್ಚಿದ ಮೇಲೆಯೇ ಬಿಡಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ನಿಪ್ಪಲ್ ಎಲ್ಲಿದೆ ನೋಡಿ. ಎಡ-ಬಲ ಕ್ಯಾಲಿಪರ್ ಅದಲುಬದಲಾದರೆ ನಿಪ್ಪಲ್ ಕೆಳಗೆ ಬರುತ್ತದೆ, ಗಾಳಿ ಮೇಲೆಯೇ ಉಳಿಯುತ್ತದೆ. ಕೇಬಲ್ ಬ್ರೇಕಿನಲ್ಲಿ ಗಾಲಿ ಸಿಕ್ಕಿಕೊಳ್ಳುವವರೆಗೆ ಬಿಗಿ ಮಾಡಿ, ಸಣ್ಣಗೆ ಉಜ್ಜಿಕೊಂಡು ತಿರುಗುವಷ್ಟು ಸಡಿಲಿಸಿದರೆ ಸಾಕು. ಮೊದಲ ಓಟದ ನಂತರ ಹಬ್‌ಗಳ ಬಿಸಿ ಹೋಲಿಸಿ: ಒಂದೇ ಸುಡುತ್ತಿದ್ದರೆ ಅಲ್ಲಿ ಪಿನ್ನು ಅಥವಾ ಪಿಸ್ಟನ್ ಸಿಕ್ಕಿದೆ, ಒಂದೇ ತಣ್ಣಗಿದ್ದರೆ ಅಲ್ಲಿ ಬ್ರೇಕು ಹಿಡಿಯುತ್ತಿಲ್ಲ. 50 ಕಿಮೀ ಆದ ಮೇಲೆ ಗಾಲಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಪರೀಕ್ಷೆಯ ನಿಯಮ ರಾಜ್ಯಕ್ಕೊಂದು. ಕ್ವೀನ್ಸ್‌ಲ್ಯಾಂಡಿನಲ್ಲಿ 750 ಕೆಜಿಯಿಂದ 3.5 ಟನ್ನಿನವರೆಗಿನ ಎಟಿಎಂ ಇರುವ ನೋಂದಾಯಿತ ಟ್ರೇಲರ್ ಮಾರಾಟಕ್ಕಿಟ್ಟರೆ ಸುರಕ್ಷತಾ ಪ್ರಮಾಣಪತ್ರ ಬೇಕು, ಕೊಳ್ಳುವಾಗ ಕೇಳಿ ಪಡೆಯಿರಿ.

ದಡ ಮುಟ್ಟಿದ ಕೂಡಲೇ ಟ್ರೇಲರ್ ನೀರಿಗಿಳಿಸಬೇಡಿ. ಬಿಸಿ ಹಬ್ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ಉಪ್ಪುನೀರನ್ನು ಹೀರಿಕೊಳ್ಳುತ್ತದೆ. ಹದಿನೈದಿಪ್ಪತ್ತು ನಿಮಿಷ ಆರಲಿ. ಮನೆಗೆ ಬಂದು ಸಿಹಿನೀರಿನಿಂದ ಡಿಸ್ಕಿನ ಎರಡೂ ಮಗ್ಗುಲು, ಕ್ಯಾಲಿಪರ್ ಸಂದಿ ತೊಳೆಯಿರಿ. ನಿಲ್ಲಿಸಿಡುವಾಗ ಹ್ಯಾಂಡ್‌ಬ್ರೇಕ್ ಹಾಕಬೇಡಿ, ಪ್ಯಾಡು ಡಿಸ್ಕಿಗೆ ಜಂಗಿನಿಂದ ಅಂಟುತ್ತದೆ. ಗಾಲಿಗೆ ಅಡ್ಡ ಕಟ್ಟಿಗೆ ಕೊಡಿ.