ಪವರ್ ಮೆಟಲ್ ಬ್ಯಾಂಡಿನ ಮೊದಲ್ನೇ ಆಲ್ಬಂ ಮನ್ಯಾಗ ರೆಕಾರ್ಡ್ ಮಾಡೋದು ಹೆಂಗ

ಪವರ್ ಮೆಟಲ್ ಅಂದ್ರ ಜೋರು ಗಿಟಾರ್, ಓಡೋ ಡ್ರಮ್ಸ್, ಎತ್ತರದ ಧ್ವನಿಯ ಹಾಡು ಇರೋ ರಾಕ್ ಸಂಗೀತ. ಅದಕ್ಕ ಸ್ಟುಡಿಯೋಕ್ಕ ರೊಕ್ಕ ಕೂಡಿಸ್ಕೋಂತ ಕುಂತ್ರ ವರ್ಷಗಟ್ಲೆ ಹಂಗ ಹೋಗ್ತೈತ್ರಿ, ಮನ್ಯಾಗ ಶುರು ಮಾಡ್ರಿ. ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್ ಇರೋ ಆಡಿಯೋ ಇಂಟರ್ಫೇಸ್ (ಮೈಕ್, ಗಿಟಾರನ್ನ ಲ್ಯಾಪ್‌ಟಾಪಿಗೆ ಜೋಡಿಸೋ ಡಬ್ಬಿ), ಒಂದು ಮೈಕ್, ಒಂದು ಚಲೋ ಹೆಡ್‌ಫೋನ್ ಇದ್ರ ಆತು. ರೆಕಾರ್ಡ್ ಮಾಡೋ ಸಾಫ್ಟ್‌ವೇರ್ ಅಂದ್ರ ರೀಪರ್ ಅಂತ ಐತಿ, ಅದು 60 ದಿನ ಫ್ರೀ ಟ್ರಯಲ್ ಕೊಡ್ತೈತಿ.

ಗಿಟಾರ್ ಮುಟ್ಟೋಕ್ಕಿಂತ ಮೊದಲ ಹಾಡಾಂವನ ಶ್ರುತಿ ನೋಡ್ರಿ. ನಮ್ಮ ಕಡೆ ಗವಾಯಿಗಳು ಪೇಟಿ ಮುಂದ ಕುಂತು ಕರಿ ಎರಡೋ ಬಿಳಿ ನಾಲ್ಕೋ ಅಂತ ಮೊದಲ ತೀರ್ಮಾನ ಮಾಡ್ತಾರಲ್ಲ, ಹಂಗ. ಮೇಲಿನ ಸ್ವರ ಹಿಡಿಯೂವಾಗ ಕುತ್ತಿಗಿ ನರ ಉಬ್ಬಾಕ ಹತ್ತಿದ್ರ ಇಡೀ ಹಾಡು ಒಂದು ಸ್ವರ ಕೆಳಗ ಇಳಿಸ್ರಿ. ದೊಡ್ಡ ಧ್ವನಿಯಾಂವ ಸಿಗಲಿಲ್ಲಂತ ಆಲ್ಬಂ ಮಾತ್ರ ನಿಲ್ಲಿಸಬ್ಯಾಡ್ರಿ. ಜರ್ಮನಿಯ ಪವರ್ ಮೆಟಲ್ ಬ್ಯಾಂಡ್ ಹೆಲೊವೀನ್ 1985ರಾಗ ಮೊದಲ ಆಲ್ಬಂ ಮಾಡಿದಾಗ ಗಿಟಾರ್ ಬಾರಿಸೋ ಕೈ ಹಾನ್ಸೆನ್ನೇ ಹಾಡಿದ್ದ, 18ರ ಹುಡುಗ ಮೈಕೆಲ್ ಕಿಸ್ಕೆ ಬ್ಯಾಂಡ್ ಸೇರಿದ್ದು ಅದಾದ ಮ್ಯಾಲ.

ಆಮ್ಯಾಲ ಕ್ಲಿಕ್ (ಲಯ ತೋರಿಸೋ ಟಿಕ್ ಟಿಕ್ ಸದ್ದು) ಹಾಕ್ಕೊಂಡು ಡ್ರಮ್ಸ್. 180 ಬಿಪಿಎಂನಾಗ, ಅಂದ್ರ ನಿಮಿಷಕ್ಕ 180 ಬೀಟಿನಾಗ, ಡಬಲ್ ಬಾಸ್ (ಎರಡೂ ಕಾಲಿಲೆ ಬಾಸ್ ಡ್ರಮ್ ಬಾರಿಸೋದು) ಬೀಟಿಗೆ ನಾಕ ಪೆಟ್ಟಿನಂಗ ಒಂದು ಸೆಕೆಂಡಿಗೆ 12 ಪೆಟ್ಟು, ಕಾಲು ಅಷ್ಟು ಓಡಲಿಲ್ಲಂದ್ರ 160ಕ್ಕ ಇಳಿಸ್ರಿ, ತಪ್ಪೇನಿಲ್ಲ, ಪೆಟ್ಟು ಸಮಾ ಬಿದ್ರ ಅದ ಓಡಿದಂಗ ಕೇಳ್ತೈತಿ.

ರಿದಮ್ ಗಿಟಾರ್, ಅಂದ್ರ ಹಾಡಿನ ಹಿಂದ ನಡಿಯೋ ಗಿಟಾರ್, ಎರಡು ಸಲ ಬ್ಯಾರೆ ಬ್ಯಾರೆ ಬಾರಿಸಿ ಒಂದು ಎಡಕ್ಕ ಒಂದು ಬಲಕ್ಕ ಇಡ್ರಿ, ಒಂದನ್ನ ಕಾಪಿ ಮಾಡಿ ಎರಡೂ ಕಡೆ ಇಟ್ರ ಸೌಂಡ್ ಅಗಲ ಆಗೂದಿಲ್ಲ, ನಡುವ ಕುಂದರ್ತೈತಿ. ಲೀಡಿನಾಗ, ಅಂದ್ರ ರಾಗ ಬಾರಿಸೋ ಗಿಟಾರಿನಾಗ, ಒಬ್ಬಾಂವ ಸ ರೆ ಗ ಬಾರಿಸಿದ್ರ ಇನ್ನೊಬ್ಬಾಂವ ಅದ ಹೊತ್ತಿಗೆ ಗ ಮ ಪ ಬಾರಿಸಬೇಕು, ಈ ಸಂಗೀತದ ಜೀವ ಅಲ್ಲೇ ಐತಿ. ಗುಂಯ್ ಅನ್ನೋ ಸದ್ದು ಬಂದ್ರ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡ್ರಿ, ಭಾಳ ಸಲ ಅದ್ರದ್ದ ಇರ್ತೈತಿ. ಫ್ಯಾನ್ ಬಂದ್ ಮಾಡಬೇಕು, ಅದಕ್ಕ ಏಪ್ರಿಲ್ ಮೇದಾಗ ಹಾಡೋದನ್ನ ಬೆಳಿಗ್ಗೆ ಐದಕ್ಕ ಇಟ್ಕೋರಿ. ಟೇಕ್ ಮುಗಿದ ಕೂಡ್ಲೆ ಸೇವ್ ಮಾಡ್ರಿ, ನಂದೊಂದು ಹಾಡಿನ ಕಡೀ ಕೋರಸ್ ಕರೆಂಟ್ ಹೋಗಿ ಪೂರಾ ಹೋತು, ಮತ್ತ ಹಂಗ ಹಾಡಾಕ ಬರಲೇ ಇಲ್ಲ.

ಈಗ ಕೋರಸ್, ಅಂದ್ರ ಎಲ್ಲಾರೂ ಕೂಡಿ ಹಾಡೋ ಪಲ್ಲವಿ. ಇದಕ್ಕ ನಿಮ್ಮ ಅರ್ಧ ವ್ಯಾಳ್ಯಾ ಕೊಡ್ರಿ, ಯಾಕಂದ್ರ ಕೇಳಿದ ಮಂದಿ ಮನಿಗೆ ಒಯ್ಯೋದು ಅದನ್ನ. ಓಣಿಯ ಭಜನಿ ಹಾಡೋ ಕಾಕಾಗೋಳು ನಾಕ ಮಂದೀನ ಕರೀರಿ, ಅವ್ರಿಗೆ ಮೆಟಲ್ ಗೊತ್ತಿರಬೇಕಂತೇನಿಲ್ಲ, ಒಬ್ಬರು ಎತ್ತಿದ್ದನ್ನ ಎಲ್ಲಾರೂ ಒಂದ ಉಸಿರಿನಾಗ ಹಿಡಿಯೋದು ಅವ್ರಿಗೆ ಚಲೋ ಗೊತ್ತು. ನಾಕ ಮಂದಿ ನಾಕ ಸಲ ಹಾಡಿದ್ದನ್ನ ಒಂದರ ಮ್ಯಾಲ ಒಂದು ಇಟ್ರ 16 ಧ್ವನಿ ಆತು, ಪ್ರತಿ ಸಲ ಮೈಕಿನಿಂದ ಜಾಗಾ ಬದಲ್ ಮಾಡಿ ನಿಂದರಸ್ರಿ.

ರಿವರ್ಬ್ (ದೊಡ್ಡ ಜಾಗಾದಾಗ ಬರೋ ಗುಂಗು) ಎಷ್ಟು ಹಾಕೋದು ಅಂತ ಡೌಟ್ ಇದ್ರ ಗೋಳಗುಮ್ಮಟದ ಮ್ಯಾಲಿನ ಗ್ಯಾಲರಿಗೆ ಹೋಗಿ ಒಂದು ಚಪ್ಪಾಳಿ ಹೊಡೀರಿ, ಒಂದೊಂದ ತಿರುಗಿ ಬರೋದು ಎಷ್ಟು ಚಂದ ಕೇಳ್ತೈತಿ. ಈಗ ಭರಭರ ಹತ್ತು ಚಪ್ಪಾಳಿ ಹೊಡೀರಿ, ಎಲ್ಲಾ ಕಲಸಿ ಗದ್ದಲ ಆಗ್ತೈತಿ. ಡಬಲ್ ಬಾಸಿಗೆ ರಿವರ್ಬ್ ಹಾಕಿದ್ರ ಹಂಗ ಆಗೋದು, ಅದಕ್ಕ ಡ್ರಮ್ಸ್ ಒಣಾ ಇಡ್ರಿ, ಉದ್ದ ಎಳೆಯೋ ಕೋರಸಿಗೆ ಮಾತ್ರ ಧಾರಾಳ ಹಾಕ್ರಿ.

ಎಲ್ಲಾ ಟ್ರ್ಯಾಕ್ ಕೂಡಿಸಿ ಮಿಕ್ಸ್ ಆದ ಮ್ಯಾಲ ಹೆಡ್‌ಫೋನ್ ಬಿಟ್ಟು ಗೆಳೆಯಾನ ಟಂಟಂದಾಗ ಇಂಜಿನ್ ಚಾಲೂ ಇಟ್ಟು ಹಚ್ಚಿ ಕೇಳ್ರಿ. ಕೋರಸಿನ ಮಾತು ತಿಳೀಲಿಲ್ಲಂದ್ರ ಮಿಕ್ಸಿನಾಗ ಗಿಟಾರಿನ ಸೌಂಡ್ ಕಡಿಮಿ ಮಾಡ್ಕೊಂಡು ಬಂದು ಮತ್ತ ಕೇಳ್ರಿ.